ಹನ್ನೊಂದು ಸೀಟಿನ ಬಾಬತ್ತು

ರಾತ್ರಿ ಎರಡಕ್ಕೆ ಪುರಸಭೆಯ ಬಿಳಿ ವ್ಯಾನು ಕೆಮ್ಮುತ್ತದೆ,
ಆಮೇಲೆ ನಾಯಿಗಳು, ಆಮೇಲೆ ದೋನಾ ಝುಲ್ಮೀರಾಳ ಬಾಗಿಲು.
ಡ್ರೈವರ್ ವಾಲ್ದಿವಿನೊ ಹಾರ್ನ್ ಹೊಡೆಯುವುದಿಲ್ಲ,
ಹೆಡ್‌ಲೈಟನ್ನು ಒಮ್ಮೆ ಆರಿಸಿ ಹೊತ್ತಿಸುತ್ತಾನೆ, ಅಷ್ಟೇ.
ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗೆಣಸಿನ ಡಬ್ಬಿ,
ಮುಂಗೈಯೊಳಗೆ ಜೇನುಗೂಡಿನ ಹಾಗೆ ಗುಂಯ್‌ಗುಡುವ
ಆ ಉಬ್ಬಿದ ನರ.
ಹನ್ನೊಂದು ಜನ, ಒಬ್ಬೊಬ್ಬರಾಗಿ ಹತ್ತುತ್ತಾರೆ.
ಇನ್ನೂರ ಹದಿನಾಲ್ಕು ಕಿಲೋಮೀಟರು ಆಚೆ
ರಕ್ತ ತೊಳೆಯುವ ಯಂತ್ರ.
ವಾರಕ್ಕೆ ಮೂರು ಸಲ.

ನಾನು ಆದೆಲಿನೊ, ಪೆದ್ರಾ ಮಾನ್ಸಾ ಪುರಸಭೆಯ ಲೆಕ್ಕಿಗ.
ಬ್ರೆಜಿಲಿನ ನಕ್ಷೆಯಲ್ಲಿ ನಮ್ಮೂರು
ಮುದ್ರಣದ ತಪ್ಪಿನಷ್ಟು.
ಇಪ್ಪತ್ತಾರು ವರ್ಷದ ಸರ್ವಿಸ್ಸು;
ಆ ವ್ಯಾನಿನ ಸದ್ದು ನಿದ್ದೆಯಲ್ಲೂ ನನಗೆ
ಇಷ್ಟು ಲೀಟರು ಎಂದೇ ಕೇಳಿಸುತ್ತದೆ.

ನೂರಕ್ಕೆ ಹದಿನೈದು ಆರೋಗ್ಯಕ್ಕೆ ಎನ್ನುತ್ತದೆ ಕಾನೂನು.
ನಾವು ಇಪ್ಪತ್ತೆಂಟು ಹಾಕಿದ್ದೇವೆ.
ಕೇಳಲಿಕ್ಕೆ ಚೆಂದ. ಆದರೆ ಎಂಥ ನೂರು ಅದು?
ನಾಲ್ಕು ಸಾವಿರ ತಲೆ, ಒಂದು ಹಂಚಿನ ಕಾರ್ಖಾನೆ, ಅದೂ ಮುಚ್ಚಿದ್ದು,
ಹತ್ತನೇ ತಾರೀಖು, ಇಪ್ಪತ್ತನೇ ತಾರೀಖು
ರಾಜಧಾನಿಯಿಂದ ತೊಟ್ಟಿಕ್ಕುವ ಪಾಲು.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಹಾಸಿಗೆ ಇದ್ದಷ್ಟು ಕಾಲು ಚಾಚಿ ಎನ್ನುವವರೇ,
ಬನ್ನಿ, ಎಣಿಸಿ:
ನಮ್ಮೂರಲ್ಲಿ ಹಾಸಿಗೆಯೇ ಇಲ್ಲ.

ಹೆರಿಗೆ ಕೋಣೆಯೂ ಇಲ್ಲ. ಹತ್ತೊಂಬತ್ತು ವರ್ಷದಿಂದ
ಇಲ್ಲಿ ಯಾರೂ ಹುಟ್ಟಿಲ್ಲ.
ನನ್ನ ಮಗಳ ಜನನಪತ್ರದಲ್ಲೂ ಪಕ್ಕದೂರಿನ ಹೆಸರು.
ಸಾಯುವಾಗ ಮಾತ್ರ ಎಲ್ಲರೂ ಇಲ್ಲಿಯವರು.
ಸ್ಮಶಾನದ ಗೋಡೆ ಆಚೆ ಸರಿಸಲಿಕ್ಕೆ
ಬೇರೆ ಬಾಬತ್ತಿದೆ.

ಕಳೆದ ನವೆಂಬರಿನ ಬಜೆಟ್ ಸಭೆ.
ಆರೋಗ್ಯ ಕಾರ್ಯದರ್ಶಿ ಜುಸ್ಸಾರಾ, ಹಿಂದೆ ಲಸಿಕೆ ಪೆಟ್ಟಿಗೆ ಹೊತ್ತು
ಕತ್ತೆಯ ಮೇಲೆ ಬೆಟ್ಟ ಹತ್ತುತ್ತಿದ್ದ ನರ್ಸು,
ಎದ್ದು ನಿಂತಳು: ಡೀಸೆಲ್ಲಿಗೆ ಇಷ್ಟು, ಮಾತ್ರೆಗೆ ಬರೀ ಇಷ್ಟಾ?
ಊರ ಬಾಯಿಗೆ ಕಮಾನು ಬೇಕೆಂದಿದ್ದ ಸದಸ್ಯ ತಾರ್ಸೀಜಿಯೊ
ಗಡಿಯಾರ ನೋಡಿಕೊಂಡ.
ನಾನೆಂದೆ: ಮೇಡಂ, ಮಾತ್ರೆ ಕಾಯುತ್ತದೆ, ರಕ್ತ ಕಾಯುವುದಿಲ್ಲ.
ಚಪ್ಪಾಳೆಯೂ ಬಿತ್ತು.
ನಾಲಿಗೆ ಕಚ್ಚಿಕೊಂಡದ್ದು ಮನೆಗೆ ಬಂದ ಮೇಲೆ.
ಬೀಪಿ ಮಾತ್ರೆಗೆ ಕಾದೂ ಕಾದೂ ತಾನೇ
ಆ ಹನ್ನೊಂದು ಜನ ವ್ಯಾನು ಹತ್ತಿದ್ದು?
‘ದಾಸ್ತಾನು ಇಲ್ಲ’ ಎಂಬ ಚೀಟಿ
ಔಷಧದ ಕಿಟಕಿಗೆ ಅಂಟಿಸಿದ್ದು,
ಅಕ್ಷರ ಯಾರದು?
ಗುಂಡಗೆ, ಚೆನ್ನಾಗಿ ಬರೆಯುತ್ತೇನೆ ನಾನು.

ಕಮಾನು ಎದ್ದಿತು. ಸ್ವಾಗತ ಎಂದಿದೆ ಈ ಕಡೆ,
ಆ ಕಡೆ ಮತ್ತೆ ಬನ್ನಿ.
ವ್ಯಾನು ಅದರಡಿ ಹೋಗುತ್ತದೆ, ಅದರಡಿ ಬರುತ್ತದೆ.

ಜೂನಿನಲ್ಲಿ ದೋನಾ ಝುಲ್ಮೀರಾ ಹೋದಳು.
ನಾಲ್ಕನೇ ಸೀಟು, ಕಿಟಕಿ ಪಕ್ಕ.
ಹೇಳಬಾರದು, ಆದರೆ ಲೆಕ್ಕಿಗನ ಹಾಳು ಕಣ್ಣು:
ತಿಂಗಳ ಕೊನೆಗೆ ಉಳಿತಾಯ ಹುಡುಕಿದೆ.
ಇರಲಿಲ್ಲ. ಹತ್ತು ಜನಕ್ಕಾದರೂ ಹನ್ನೊಂದಕ್ಕಾದರೂ
ವ್ಯಾನು ಕುಡಿಯುವುದು ಅಷ್ಟೇ.
ನಲವತ್ತೊಂದು ಕೇಜಿಯ ಹೆಂಗಸು
ಲೀಟರಿನಲ್ಲಿ ಎಲ್ಲೂ ಮೂಡಲಿಲ್ಲ.
ಮರುವಾರ ಅದೇ ಸೀಟಿಗೆ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡ,
ಇನ್ನೂ ಮೀಸೆ ಬಾರದ ಹುಡುಗ.
ಅವನು ಚರ್ಚಿನ ಮುಂದೆ ಹತ್ತುತ್ತಾನೆ.

ಆದರೂ ವಾಲ್ದಿವಿನೊ
ಬೀಗ ಹಾಕಿದ ಆ ಮನೆಯ ಮುಂದೆ ನಿಲ್ಲಿಸುತ್ತಾನೆ.
ಹೆಡ್‌ಲೈಟು ಆರುತ್ತದೆ, ಹೊತ್ತುತ್ತದೆ.
ಇಪ್ಪತ್ತು ಸೆಕೆಂಡು ಇಂಜಿನ್ನು ಸುಮ್ಮನೆ ಓಡುತ್ತದೆ.
ನಮ್ಮ ಕಿಟಕಿಯಿಂದ ಎಣಿಸಿದ್ದೇನೆ.

ಲಾಗ್‌ಬುಕ್ಕಿನ ತಪಾಸಣೆ ನನ್ನ ಕೆಲಸ.
ಇದುವರೆಗೆ ಕೇಳಿಲ್ಲ.