ಕರುವಿನ ಚರ್ಮದಲ್ಲೊಂದು ತೂತು

ಎರ್ನಾನ್, ಆ ಹಾಳೆ ಎಸೆಯಬೇಡ.
ಅದರ ತೂತು ನನಗೆ ಗೊತ್ತು:
ಹೋದ ಬೇಸಗೆ ಬಿಳಿಹಣೆಯ ಕರು
ಬಾಲವೆತ್ತಿ ಕಡಲಂಚಿಗೆ ಓಡುತ್ತಿತ್ತಲ್ಲ,
ಬೆನ್ನೊಳಗೆ ನೊಣದ ಮರಿ ಕೊರೆಯುತ್ತ.
ಸುಣ್ಣದ ನೀರಲ್ಲಿ ನೆನೆಸಿದೆವು, ಬಾಚಿಯಲ್ಲಿ ಕೆರೆದೆವು,
ಚೌಕಟ್ಟಿಗೆ ಬಿಗಿದು ಎಳೆದಷ್ಟೂ
ಗಾಯ ಅಗಲವಾಯಿತು.
ಈಗ ಬಟಾಣಿ ಕಾಳಿನಷ್ಟು.

ಸುತ್ತಿ ಬರೆಯುತ್ತೇನೆ ಬಿಡು.
ಬೆಳಕೆಂಬ ಪದ ಅರ್ಧ ಈಚೆ ದಡದಲ್ಲಿ,
ಅರ್ಧ ಆಚೆ.
ಓದುವವನು ಒಂದು ಉಸಿರು ನಿಲ್ಲಲಿ.

ಮಸಿಯಾದರೂ ಏನು? ಓಕ್ ಮರದ ಟೊಂಗೆಗೆ
ಕಣಜದ ಹುಳ ಚುಚ್ಚಿದಲ್ಲಿ ಉಬ್ಬಿದ ಗಂಟು,
ಅರೆದದ್ದು.

ಅಕ್ಕಸಾಲಿ ಬ್ರೆಕಾನ್ ಗೇಣು ಹಾಕಿ ಅಳೆದ.
ಬೆಳ್ಳಿ ಪೆಟ್ಟಿಗೆಯಂತೆ, ಮೂಲೆಗೊಂದು ಕೆಂಪು ಗಾಜಂತೆ,
ಒಂದರ ಬಾಲ ಒಂದು ಕಚ್ಚಿದ ಹಾವುಗಳಂತೆ.
‘ತೂತಿನ ಚರ್ಮಕ್ಕೆ ಇಷ್ಟು ಬೆಳ್ಳಿಯೆ?’ ಎಂದು ನಕ್ಕ.
ನಾನೂ ನಕ್ಕೆ.

*

ಹಡಗುಗಳು ಬಂದವು.
ಬೆಳ್ಳಿಯನ್ನು ಕೊಡಲಿಯಲ್ಲಿ ಕತ್ತರಿಸಿ,
ತಕ್ಕಡಿಯಲ್ಲಿ ತೂಗಿ, ಹಂಚಿಕೊಂಡರು.
ಪುಸ್ತಕ ಜೌಗಿಗೆ ಬಿತ್ತು.

ಮುದುಕ ಎರ್ನಾನ್ ಒಂದೇ ಹಾಳೆ ಎತ್ತಿ
ಬಿಸಿಲಿಗೆ ಹಿಡಿದ.
ಅಕ್ಷರವೆಲ್ಲ ಕದಡಿ ಕಂದು ಕೆಸರು.
ತೂತು ಮಾತ್ರ ಹಾಗೇ ಇತ್ತು.
ಅದರೊಳಗೆ ಕಡಲಂಚು;
ಯಾರದೋ ಒಂದು ಕರು,
ಬಾಲವೆತ್ತಿ.