ಯಾವ ಅರೆಗೆ

ರೈಲಿಯ ಅಂಗಡಿಯಲ್ಲಿ ಹನ್ನೊಂದು ಅರೆ.
ಹೆವಿ, ಥ್ರ್ಯಾಷ್, ಡೆತ್, ಬ್ಲ್ಯಾಕ್, ಡೂಮ್...
ಒಂದೊಂದಕ್ಕೂ ಅವಳದೇ ಕೈಬರಹದ ಚೀಟಿ.
ಕೊನೆಯದರ ಮೇಲೆ ಮಾತ್ರ ‘ಇರಲಿ’ ಎಂದಿದೆ;
ಅದರಲ್ಲಿ ಅವಳ ಕೈಗವಸು, ಕಾಫಿ ಡಬ್ಬಿ.

ಕೆಮಿ ಪಟ್ಟಣ. ಜನವರಿ. ಮಧ್ಯಾಹ್ನ ಎರಡಕ್ಕೇ ಕತ್ತಲು.
ಯಾರದೋ ಅಟ್ಟದ ಪೆಟ್ಟಿಗೆಯಿಂದ ಬಂದಿತ್ತು
ರೌತಾಸೂ ತಂಡದ ಒಂದೇ ಒಂದು ಕ್ಯಾಸೆಟ್ಟು,
ತೊಂಬತ್ತೊಂದರದ್ದು. ಹೊದಿಕೆ ಜೆರಾಕ್ಸು;
ಚಿತ್ರದಲ್ಲಿರುವುದು ಕಾಡೋ ಹಲ್ಲೋ ಹೇಳಲಾಗದು.
ಯಾವ ಅರೆಗೆ, ಅಂದೆ. ಅಷ್ಟೇ.
ಕೆಲಸಕ್ಕೆ ಸೇರಿ ಮೂರೇ ವಾರ,
ಕೇಳಬಾರದೆಂದು ಗೊತ್ತಿರಲಿಲ್ಲ.

‘ಬ್ಲ್ಯಾಕ್’ ಎಂದ ಕಾಪೋ, ತೇಪೆ ಜಾಕೀಟಿನ ಹುಡುಗ,
‘ಆ ಕಿರುಚು ಕೇಳು, ಮಂಜುಗಡ್ಡೆಗೆ ಗರಗಸ ಹಾಕಿದ ಹಾಗೆ.’
ಶಾಲೆಯಲ್ಲಿ ರಸಾಯನ ಕಲಿಸುವ ಇಲ್ಪೋ
ಕನ್ನಡಕ ಒರೆಸಿದ, ಹಾಕಿದ, ಮತ್ತೆ ಒರೆಸಿದ:
‘ಥ್ರ್ಯಾಷ್. ಗಿಟಾರಿನ ಬಲಗೈ ಕಿವಿಗೊಟ್ಟು ಕೇಳು.’
ಸಂಬಂಧ ಕುದುರಿಸಲು ಬಂದ ಹಿರಿಯರಂತೆ
ಗೋತ್ರ ಕೆದಕಿದರು:
ನಾರ್ವೆಯ ನಂಟೆಷ್ಟು, ಸ್ವೀಡನ್ನಿನ ರಕ್ತವೆಷ್ಟು,
ತಾಯಿಯ ಕಡೆ ಪಂಕ್ ಇತ್ತೇ.
ಆ ಕಾಲಕ್ಕೆ ಈ ಹೆಸರೇ ಸಲ್ಲದು ಎಂದು ಇವನು;
ಹಾಗಾದರೆ ನಾಮಕರಣಕ್ಕೆ ಮುಂಚೆ
ತೊಟ್ಟಿಲಲ್ಲಿ ಅತ್ತದ್ದು ಯಾರು ಎಂದು ಅವನು.
ಎರಡು ಪಾತ್ರೆ ಕಾಫಿ ಮುಗಿದ ಮೇಲೆ
‘ಬ್ಲ್ಯಾಕ್ ಥ್ರ್ಯಾಷ್’ ಎಂದು ಸಂಧಿಯಾಯಿತು.
ಪೂರ್ವಪದ ಯಾವುದೆಂದು ಮತ್ತೆ ಯುದ್ಧ.

ಆಗ ಮೈ ಕಾಸಿಕೊಳ್ಳಲು ಒಳಬಂದ
ಹಿಮ ಬಾಚುವ ಗಾಡಿಯ ರೈಮೋ.
ಬೂಟಿನಿಂದ ನೀರಿಳಿಯುತ್ತಿತ್ತು.
ನಿಂತೇ ಅರ್ಧ ಲೋಟ ಕುಡಿದ.
‘ಓ. ಇದು ನಮ್ಮದು.’
ಮತ್ತರ್ಧ ಕುಡಿದ.
‘ಆದರೆ ನಾವು ಇಷ್ಟು ಬೇಗ ಬಾರಿಸಿರಲಿಲ್ಲ.’

ದೋಣಿಮನೆಯಲ್ಲಂತೆ ರೆಕಾರ್ಡು ಮಾಡಿದ್ದು, ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ನಿಧಾನವೆಂದರೆ ಎಷ್ಟು ನಿಧಾನ ಅಂತೀರಿ,
ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ
ಡ್ರಮ್ಮಿನವನು ಅಂಗೈ ಉಜ್ಜಿಕೊಳ್ಳುತ್ತಿದ್ದನಂತೆ.
ಮೋಟಾರಿಗೂ ಚಳಿ. ಟೇಪು ತೆವಳುತ್ತಾ ತುಂಬಿಕೊಂಡಿತು.
ಮನೆಗೆ ತಂದು ಬೆಚ್ಚಗಿನ ಯಂತ್ರಕ್ಕೆ ಹಾಕಿದರೆ
ಅದು ಬಿದ್ದಂಬೀಳ ಓಡಿತು.
‘ಕೇಳಿದರೆ ಗುಬ್ಬಿಗಳು! ನಕ್ಕೆವು.
ಇನ್ನೊಮ್ಮೆ ಮಾಡಲು ಕಾಸಿರಲಿಲ್ಲ. ಐವತ್ತು ಪ್ರತಿ ಹಂಚಿದೆವು.’
ಆಮೇಲೆ, ಲೋಟದ ತಳ ನೋಡುತ್ತಾ,
‘ವೆಸಾನ ದನಿ ಹೀಗಿರಲಿಲ್ಲ.’

ತೊಂಬತ್ತಾರರ ಏಪ್ರಿಲ್ಲಿನಲ್ಲಿ ನದಿಯ ಮಂಜು
ವೆಸಾನ ಭಾರ ತಾಳಲಿಲ್ಲ. ಊರಿಗೆಲ್ಲ ಗೊತ್ತು.
ಆಗ ಹುಟ್ಟಿರದ ನನಗೂ ಗೊತ್ತು.

ರೈಲಿ ಮಾತಾಡದೆ ಹೋಗಿ
ಯಂತ್ರದ ವೇಗದ ತಿರುಪಿಗೆ ಬೆರಳಿಟ್ಟಳು.
ಕಿರುಚು ಬಾಗಿತು. ಮುಪ್ಪಿನವರು ಮೆಟ್ಟಿಲಿಳಿದಂತೆ
ಒಂದೊಂದೇ ಸ್ವರ, ಕಂಬಿ ಹಿಡಿದು, ಕೆಳಕ್ಕೆ.
‘ಇನ್ನೂ,’ ಎಂದ ರೈಮೋ.
‘ಇನ್ನೂ ಸ್ವಲ್ಪ.
ಹಾಂ. ಅಲ್ಲೇ.’

ಇಪ್ಪತ್ತೊಂದರ ಹರೆಯದವನೊಬ್ಬ
ಅಂಗಡಿಯ ನೆಲದಡಿಯಿಂದೆಂಬಂತೆ ಹಾಡಿದ.
ಉಸಿರೆಳೆದುಕೊಂಡದ್ದೂ ಕೇಳಿಸಿತು.

ಬಹಳ ಹೊತ್ತಿನ ಮೇಲೆ ಕಾಪೋ, ಮೆಲ್ಲಗೆ,
‘ಡೂಮ್.’
ಇಲ್ಪೋ ಕನ್ನಡಕ ತೆಗೆದ: ‘ಒಪ್ಪಿದೆ. ಆದರೆ
ಐವತ್ತು ಮನೆಗಳಲ್ಲಿ ಕೇಳಿದ್ದು ಗುಬ್ಬಿಗಳನ್ನಲ್ಲವೇ?
ಬಾರಿಸಿದ್ದು ಸಂಗೀತವೋ, ಮುಟ್ಟಿದ್ದು ಸಂಗೀತವೋ?’
‘ಅಯ್ಯೋ ಮಾರಾಯ,’ ಎಂದ ಕಾಪೋ, ಕುರ್ಚಿ ಎಳೆದುಕೊಂಡ.

ರೈಮೋ ಬೆಲೆ ಕೇಳಿದ.
ಅರೆ ಗೊತ್ತಾಗದೆ ಬೆಲೆ ಬರೆದಿಲ್ಲ ಎಂದೆ.
ತಲೆಯಾಡಿಸಿ, ಟೋಪಿ ಎಳೆದುಕೊಂಡು, ಹೊರಟ;
ಸ್ಟೇಷನ್ ರಸ್ತೆ ಇನ್ನೂ ಬಾಚಬೇಕಿತ್ತು.

ಆ ಸಂಜೆ ಅಂಗಡಿಯಲ್ಲಿ ಹಾಕಿದ್ದೆಲ್ಲ,
ಗಿರಾಕಿಯೊಬ್ಬ ಕೇಳಿದ ಮದುವೆ ಕುಣಿತದ ಹಾಡೂ,
ನಿಧಾನವಾಗಿಯೇ ಓಡಿತು.
ತಿರುಪನ್ನು ಯಾರೂ ಹಿಂದಕ್ಕೆ ತಿರುಗಿಸಲಿಲ್ಲ.