ಹದಿನೈದು ಕೆಜಿ

ಟಿಕೆಟ್ಟಿಗೆ ಸಾವಿರದ ಮುನ್ನೂರ ತೊಂಬತ್ತೊಂಬತ್ತು.
ಕೌಲ್‌ಬಜಾರಿನಿಂದ ತೋರಣಗಲ್ಲಿಗೆ ಕಾರು, ಸಾವಿರದ ಐನೂರು.
"ಆಕಾಶ ಸೋವಿ ಐತಣ್ಣ, ನೆಲಾನೇ ತುಟ್ಟಿ"
ಅಂದ ಗಾದಿಲಿಂಗಪ್ಪ,
ಒಂದು ಕೈಲಿ ಸ್ಟೇರಿಂಗು, ಇನ್ನೊಂದರಲ್ಲಿ
ಪೇಪರು ಸುತ್ತಿದ ಒಗ್ಗರಣೆ ಮಂಡಕ್ಕಿ.

ಕುಡತಿನಿ ದಾಟುವಾಗ ಇನ್ನೂ ಕತ್ತಲು.
ಅದಿರಿನ ಲಾರಿಗಳ ಹಿಂದೆ ಹಿಂದೆ,
ವೈಪರು ಹಾಕಿದಷ್ಟೂ ಗಾಜು ಕೆಂಪು.
ಹಂಪಿಗೆಂದು ಬಂದಿಳಿದವರಿಗೆ ಹಂಪಿ ದೂರ,
ಬಳ್ಳಾರಿಯವರಿಗೆ ಬಳ್ಳಾರಿ ದೂರ,
ಈ ವಿಮಾನ ನಿಲ್ದಾಣಕ್ಕೆ ನೆರೆಮನೆ ಅಂತಿದ್ದರೆ
ರಾತ್ರಿಯಿಡೀ ಉರಿಯುವ ಉಕ್ಕಿನ ಕುಲುಮೆ ಒಂದೇ.

ತಕ್ಕಡಿಯ ಮೇಲೆ ಚೀಲ ಇಟ್ಟೆ.
ಹದಿನಾರೂ ಕಾಲು.
"ಹದಿನೈದರ ಮೇಲೆ ಕೆಜಿಗೆ ಇಷ್ಟು" ಅಂದಳು ಹುಡುಗಿ.
ಆ ಇಷ್ಟು ಕೇಳಿ, ಚೀಲ ಎಳಕೊಂಡು
ಮೂಲೆಯ ಪಾಯಖಾನೆಗೆ ಹೋದೆ.
ಹೊರಗೆ ಬರುವಾಗ ನನ್ನ ಮೈಮೇಲೆ
ಮೂರು ಪ್ಯಾಂಟು, ಒಂದರ ಮೇಲೊಂದು:
ನನ್ನದು, ಮೂವತ್ತಾರರದು, ಮೂವತ್ತೆಂಟರದು.
ಚೀಲ ಹದಿನಾಲ್ಕು ಒಂಬೈನೂರು.
ಹುಡುಗಿ ತಕ್ಕಡಿ ನೋಡಿದಳು, ನನ್ನ ತೊಡೆ ನೋಡಿದಳು,
ತಲೆ ತಗ್ಗಿಸಿ ಚೀಟಿ ಅಂಟಿಸಿದಳು.

ತಪಾಸಣೆಯವನ ಕೋಲು ನನ್ನ ಸೊಂಟದ ಹತ್ತಿರ
ಬಿಟ್ಟೂ ಬಿಡದೆ ಕೂಗಿತು.
"ಏನಿದು?" "ಗುಂಡಿ ಸಾರ್, ರಿವೆಟ್ಟು."
"ಇಷ್ಟೊಂದಾ?" "ಮೂರು ಪ್ಯಾಂಟಿಂದು ಸಾರ್."
ಅವನು ನಗಲಿಲ್ಲ. ಪಕ್ಕದವನನ್ನು ಕರೆದ. ಅವನು ನಕ್ಕ.

ಆಮೇಲೆ ಬಿಸಿಲಲ್ಲಿ ನಡೆದೇ ಹೋಗಬೇಕು ವಿಮಾನಕ್ಕೆ.
ಮಾರ್ಚಿ ತಿಂಗಳ ಎಂಟು ಗಂಟೆ, ಬೆವರು ಮೊಣಕಾಲಿಗಿಳಿದಿತ್ತು.
ರೆಕ್ಕೆಗೊಂದು ಫ್ಯಾನು, ಚಿಕ್ಕ ಏಣಿ,
ಕಾಲು ಮಡಚಲಾಗದೆ ಒಂದೊಂದೇ ಮೆಟ್ಟಿಲು.
ಮುಂದೆ ಹತ್ತುತ್ತಿದ್ದವನ ಹಿಂಗಿಸೆ
ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ.

ಆ ವಾರೆ ನನ್ನದು.
ಜ್ವರ ಬಂದ ದಿನ ಸೀಮೆಸುಣ್ಣ ನಡುಗಿ
ಎಡಗಡೆ ಒಂದು ಎಳೆ ಕೆಳಗೆ ಜಾರಿತ್ತು;
ಅಳಿಸಹೋದಾಗ ಹೊನ್ನೂರಬೀ ಕೈ ಹಿಡಿದು
"ಬಿಡು ಹುಸೇನಪ್ಪ, ಚೆಂದೈತೆ" ಅಂದಿದ್ದಳು.
ಸಾವಿರದ ಇನ್ನೂರು ಪೀಸು ಹೋದವು ಹಾಗೇ, ಹೆಸರಿಲ್ಲದೆ.
ಇಲ್ಲಿ ಅದರ ಮೇಲೆ ತೊಗಲಿನ ಪಟ್ಟಿ,
ಪಟ್ಟಿಯಲ್ಲಿ ನಾನು ಕೇಳಿರದ ಯಾವುದೋ ಊರು.

ಅವನ ಭುಜ ತಟ್ಟಬೇಕು ಅನ್ನಿಸಿತು.
ಏನಂತ ಹೇಳುವುದು? ನಿನ್ನ ಕುಂಡೆಯ ಮೇಲೆ
ನನ್ನ ಜ್ವರ ಐತಪ್ಪ ಅಂತಲೇ?
"ಬೇಗ ಹತ್ತಿ" ಅಂದರು ಹಿಂದಿನವರು. ಹತ್ತಿದೆ.

ಐವತ್ತೈದು ನಿಮಿಷ.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ಕೈಯಲ್ಲಿ ಕತ್ತರಿಯಿಲ್ಲ, ಕೂತೇ ಇದ್ದೇನೆ.
ಕತ್ತರಿಯನ್ನಂತೂ ಅವರು ಒಳಗೆ ಬಿಡುತ್ತಲೂ ಇರಲಿಲ್ಲ.
ಕೆಳಗೆ ಕೆಂಪು ಚೌಕಗಳು: ಅದಿರಿನ ಗುಡ್ಡೆಯೋ
ಒಣಹಾಕಿದ ಮೆಣಸಿನಕಾಯಿಯೋ, ಮೇಲಿಂದ ಗೊತ್ತಾಗದು.
ಕಾಲುವೆ ಒಂದೇ ಸಮ ಹೊಲಿಗೆ ಹಾಕುತ್ತಾ ಹೋಗಿ
ಎಲ್ಲೋ ದಾರ ಮುಗಿದ ಹಾಗೆ ನಿಂತುಬಿಟ್ಟಿತು.
ಬಳ್ಳಾರಿ ಗುಡ್ಡ ಕಾಣಬಹುದು ಅಂತ ಕಿಟಕಿಗೆ ಹಣೆ ಹಚ್ಚಿದೆ.
ನಾನು ಕೂತದ್ದು ಆ ಕಡೆಯ ಕಿಟಕಿಯಲ್ಲ.

ಇಳಿದೆವು. ಎಷ್ಟು ನುಣ್ಣನೆಯ ನೆಲ,
ನಡೆದವನ ನೆರಳು ಕೂಡ ಜಾರುತ್ತದೆ.
ಪಾಯಖಾನೆ ಹುಡುಕಿ ಎರಡು ಪ್ಯಾಂಟು ಕಳಚಿದೆ,
ಒದ್ದೆಯಾಗಿದ್ದ ಒಳಗಿನದನ್ನು ಗಾಳಿಯ ಯಂತ್ರಕ್ಕೆ ಹಿಡಿದೆ.
ಸೇಠು ಮೂಸಿ ನೋಡುವವನಲ್ಲ, ಆದರೂ.

ಹೊರಗೆ ಸಾಲು ಸಾಲು ಕಾರು.
ಊರೊಳಗಿನ ಅಂಗಡಿಗೆ ಕೇಳಿದರೆ ಹನ್ನೊಂದು ನೂರು ಅಂದ.
ಬಸ್ಸಿನ ಕಂಬಕ್ಕೆ ಒರಗಿ ನಿಂತೆ, ಕಾಲಿಗೆ ಗಾಳಿ ಆಡಿತು.
ಫೋನಿನಲ್ಲಿ ಹೊನ್ನೂರಬೀ, ಹಿಂದೆ ಗುಂಡಿ ಮಿಷನ್ನಿನ ಸದ್ದು:
"ಹೈದರಾಬಾದು ಮುಟ್ಟಿದ್ಯಾ?"

"ಹೆಸರು ಮುಟ್ಟೀನಿ" ಅಂದೆ. "ಊರು ಇನ್ನಾ
ಮೂವತ್ತು ಕಿಲೋಮೀಟರು ಐತಂತೆ."